ಪಿಕಪ್ ಬಾಗಿಲು ರಿಮೋಟಿಗೆ ಓಗೊಡದಿದ್ದಾಗ: ದೋಷ ಹುಡುಕುವ ಬಗೆ

ನಮ್ಮ ಸಕಲೇಶಪುರದ ಕಡೆ ಮಳೆಗಾಲ ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ಅಕ್ಕಪಕ್ಕದ ತೋಟದವರಿಂದ ಒಂದಾದರೂ ಫೋನ್ ಬರುತ್ತದೆ: "ಗಾಡಿ ಲಾಕ್ ಆಗ್ತಿಲ್ಲ, ರಿಮೋಟ್ ಹೋಗಿದೆ ಅನ್ಸುತ್ತೆ." ಹೋಗಿ ನೋಡಿದರೆ ರಿಮೋಟ್ ಚೆನ್ನಾಗೇ ಇರುತ್ತದೆ. ಹಾಗಂತ ಅವರನ್ನು ದೂರುವಂತಿಲ್ಲ. ಕೈಯಲ್ಲಿರುವುದು ರಿಮೋಟ್, ಕೆಲಸ ಆಗದಿದ್ದಾಗ ಅನುಮಾನ ಬರುವುದೂ ಅದರ ಮೇಲೆಯೇ. ಆದರೆ ಬಾಗಿಲು ಲಾಕ್ ಆಗಬೇಕಾದರೆ ಮೂರು ಜಾಗದಲ್ಲಿ ಕೆಲಸ ನಡೆಯಬೇಕು. ರಿಮೋಟ್ ಕೇಳಿಕೊಳ್ಳುತ್ತದೆ. ಗಾಡಿಯೊಳಗಿನ ಕಂಟ್ರೋಲ್ ಪೆಟ್ಟಿಗೆ ಅದನ್ನು ಕೇಳಿಸಿಕೊಂಡು, ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಬಾಗಿಲೊಳಗಿನ ಪುಟ್ಟ ಮೋಟರ್ ಲಾಕನ್ನು ಎಳೆಯುತ್ತದೆ. ತಪ್ಪಿದ್ದು ಈ ಮೂರರಲ್ಲಿ ಯಾವುದು ಎಂದು ತಿಳಿಯುವ ಮೊದಲು ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು. ಅದನ್ನು ತಿಳಿಯಲು ಬೇಕಾಗುವುದು ಒಂದು ನಿಮಿಷ.

ಅದಕ್ಕೂ ಮುಂಚೆ ಒಂದು ಮಾತು. ಕೀಲಿ ಒಳಗೆ ಉಳಿದು, ಮಗು ಕ್ಯಾಬಿನ್ನಿನಲ್ಲಿ ಸಿಕ್ಕಿಕೊಂಡಿದ್ದರೆ ದೋಷ ಹುಡುಕುತ್ತಾ ನಿಲ್ಲಬೇಡಿ. ಮುಚ್ಚಿದ ಕ್ಯಾಬಿನ್ ಬಿಸಿಲಿಗೆ ಬಹಳ ಬೇಗ ಕಾಯುತ್ತದೆ. ಮಗುವಿನಿಂದ ದೂರದ ಪಕ್ಕದ ಗಾಜು ಒಡೆದು ಬಾಗಿಲು ತೆಗೆಯಿರಿ. ಮುಂದಿನ ಗಾಜಿಗೆ ಹೊಡೆದು ಪ್ರಯೋಜನವಿಲ್ಲ, ಅದು ಎರಡು ಪದರದ ಗಾಜು, ಬಿರಿಯುತ್ತದೆಯೇ ಹೊರತು ಉದುರುವುದಿಲ್ಲ.

ಮೊದಲ ನಿಮಿಷ

ಸಂಜೆ ಸದ್ದಿಲ್ಲದ ಹೊತ್ತಿನಲ್ಲಿ ಗಾಡಿಯೊಳಗೆ ಕುಳಿತು ಎಲ್ಲ ಬಾಗಿಲು ಮುಚ್ಚಿ, ಗಾಜು ಇಳಿಸಿಡಿ. ಈಗ ಡ್ರೈವರ್ ಬಾಗಿಲಲ್ಲಿರುವ ಲಾಕ್ ಸ್ವಿಚ್ ಒತ್ತಿ. ಸ್ವಿಚ್ ಇಲ್ಲದ ಗಾಡಿಯಾದರೆ ಡ್ರೈವರ್ ಬಾಗಿಲ ಗುಬುಟನ್ನು ಕೈಯಿಂದ ಅದುಮಿ.

ಎಲ್ಲ ಬಾಗಿಲೂ ಒಟ್ಟಿಗೆ ಲಾಕ್ ಆದರೆ ಮೋಟರು, ವೈರು, ಫ್ಯೂಸು ಸರಿ ಇವೆ. ತಪ್ಪು ರಿಮೋಟಿನಲ್ಲಿ, ಇಲ್ಲವೇ ಅದನ್ನು ಕೇಳಿಸಿಕೊಳ್ಳುವ ರಿಸೀವರಿನಲ್ಲಿ. ಒಂದು ಬಾಗಿಲು ಮಾತ್ರ ಸುಮ್ಮನಿದ್ದರೆ ರಿಮೋಟನ್ನು ಮರೆತುಬಿಡಿ, ತಪ್ಪು ಆ ಬಾಗಿಲೊಳಗೋ ಅದರ ವೈರಿನಲ್ಲೋ ಇದೆ. ಯಾವ ಬಾಗಿಲೂ ಅಲುಗದಿದ್ದರೆ ಫ್ಯೂಸು, ಬ್ಯಾಟರಿ, ಅರ್ತ್ (ಗಾಡಿಯ ಮೈಗೆ ಬಿಗಿದ ಮೈನಸ್ ವೈರು) ನೋಡಬೇಕು.

ರಿಮೋಟ್ ಒತ್ತಿದಾಗ ಇಂಡಿಕೇಟರ್ ಮಿನುಗುತ್ತದೆಯೇ ಎಂಬುದನ್ನೂ ಗಮನಿಸಿ. ಮಿನುಗಿದರೆ ಗಾಡಿಗೆ ರಿಮೋಟಿನ ಮಾತು ಕೇಳಿಸಿದೆ ಎಂದರ್ಥ. ದೀಪ ಮಿನುಗಿಯೂ ಬಾಗಿಲು ಕದಲದಿದ್ದರೆ ಹೊಸ ರಿಮೋಟ್ ತಂದು ಉಪಯೋಗವಿಲ್ಲ.

ಒಂದು ಎಚ್ಚರಿಕೆ. ಅನುಮಾನ ಬಂತೆಂದು ಇಪ್ಪತ್ತು ಸಲ ಒಂದೇ ಸಮನೆ ಒತ್ತಬೇಡಿ. ಮೋಟರ್ ಸುಟ್ಟುಹೋಗದಿರಲಿ ಎಂದು ಎಷ್ಟೋ ಗಾಡಿಗಳು ಸ್ವಲ್ಪ ಹೊತ್ತು ತಾವಾಗಿಯೇ ಕೆಲಸ ನಿಲ್ಲಿಸುತ್ತವೆ. ಆಗ ಇಲ್ಲದ ದೋಷವೊಂದು ಹೊಸದಾಗಿ ಹುಟ್ಟಿದಂತೆ ಕಾಣುತ್ತದೆ.

ತಪ್ಪು ರಿಮೋಟಿನದೇ ಆಗಿದ್ದರೆ

ಮನೆಯಲ್ಲಿರುವ ಎರಡನೇ ಕೀಲಿ ತನ್ನಿ. ಅದು ಕೆಲಸ ಮಾಡಿದರೆ ರಿಸೀವರ್ ಸರಿ ಇದೆ, ಮೊದಲ ರಿಮೋಟಿನದೇ ತೊಂದರೆ. ಎರಡೂ ಕೆಲಸ ಮಾಡದಿದ್ದರೆ ಎರಡೂ ಒಟ್ಟಿಗೆ ಕೆಟ್ಟವು ಎಂದುಕೊಳ್ಳುವುದಕ್ಕಿಂತ ಗಾಡಿಯ ಕಡೆ ನೋಡುವುದು ಒಳ್ಳೆಯದು.

ಬಹುಪಾಲು ರಿಮೋಟುಗಳಲ್ಲಿ ಇರುವುದು ಸಿಆರ್ 2032 ಎಂಬ ಬಿಲ್ಲೆ ಸೆಲ್. ಆ ಅಂಕಿಯಲ್ಲೇ ಅದರ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಹಾಗಾಗಿ 2032 ಇರುವ ಜಾಗಕ್ಕೆ 2025 ಹಾಕಿದರೆ ಅದು 0.7 ಮಿಲಿಮೀಟರ್ ತೆಳುವಾಗಿ, ರಿಮೋಟಿನೊಳಗಿನ ತಗಡಿನ ಪಟ್ಟಿಗೆ ಒಮ್ಮೆ ತಾಗಿ ಒಮ್ಮೆ ತಾಗದೆ ಕಾಡುತ್ತದೆ. ಹೊಸ ಸೆಲ್ 3 ವೋಲ್ಟ್ ಅಥವಾ ಅದಕ್ಕಿಂತ ತುಸು ಹೆಚ್ಚು ತೋರಿಸಬೇಕು. ಆದರೆ ಹಳೆಯ ಸೆಲ್ಲನ್ನು ಹೊರತೆಗೆದು ಮೀಟರ್ ಹಿಡಿದರೆ ಅದೂ 2.9 ತೋರಿಸಬಹುದು, ಗುಂಡಿ ಒತ್ತಿದ ಕ್ಷಣ ಕುಸಿಯಬಹುದು. ಸುಮ್ಮನಿದ್ದಾಗಿನ ವೋಲ್ಟೇಜ್ ನಂಬಬೇಡಿ. ಈ ಮಾತು ಮುಂದೆ ಬಾಗಿಲ ವೈರಿನ ವಿಷಯದಲ್ಲಿ ಮತ್ತೆ ಬರುತ್ತದೆ. ಅನುಮಾನವಿದ್ದರೆ ಪೊಟ್ಟಣ ಒಡೆಯದ ಹೊಸ ಸೆಲ್ ಹಾಕಿ ನೋಡಿ, ಒಳಗಿನ ತಗಡಿನ ಪಟ್ಟಿಗಳನ್ನು ಸ್ವಲ್ಪ ಮೇಲಕ್ಕೆತ್ತಿ, ಹಸಿರುಗಟ್ಟಿದ್ದರೆ ಒರೆಸಿ.

ತೆಗೆದ ಹಳೆಯ ಸೆಲ್ಲನ್ನು ಡ್ಯಾಶ್‌ಬೋರ್ಡಿನ ಮೇಲೆ ಬಿಡಬೇಡಿ. ಚಿಕ್ಕ ಮಗು ಅದನ್ನು ನುಂಗಿದರೆ 2 ಗಂಟೆಯೊಳಗೆ ಅನ್ನನಾಳ ಸುಡುವ ಅಪಾಯವಿದೆ. ಖಾಲಿಯಾದ ಸೆಲ್ಲಿನಿಂದಲೂ ಹಾಗಾಗುತ್ತದೆ. ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ನೇರ ಆಸ್ಪತ್ರೆಗೆ ಹೋಗಿ.

ಟಿವಿ ರಿಮೋಟನ್ನು ಫೋನಿನ ಕ್ಯಾಮೆರಾ ಮುಂದೆ ಹಿಡಿದು ಪರೀಕ್ಷಿಸುವ ಉಪಾಯ ಇಲ್ಲಿ ನಡೆಯುವುದಿಲ್ಲ. ಟಿವಿಯದು ಕಣ್ಣಿಗೆ ಕಾಣದ ಬೆಳಕು, ಗಾಡಿಯದು ರೇಡಿಯೊ ಅಲೆ. ನಮ್ಮ ದೇಶದ ಗಾಡಿಗಳಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್, ಅಮೆರಿಕದಲ್ಲಿ ಹೆಚ್ಚಾಗಿ 315. ಅಲ್ಲಿಂದ ತರಿಸಿದ ಅಗ್ಗದ ರಿಮೋಟ್ ಇಲ್ಲಿನ ಗಾಡಿಗೆ ಹೊಂದದಿರುವುದಕ್ಕೆ ಇದೂ ಒಂದು ಕಾರಣ.

ಒಂದೇ ಜಾಗದಲ್ಲಿ ಮಾತ್ರ ರಿಮೋಟ್ ಕೈಕೊಡುತ್ತಿದ್ದರೆ ಆ ಜಾಗವನ್ನೇ ಅನುಮಾನಿಸಿ. ವೈರಿಲ್ಲದ ಕರೆಗಂಟೆ, ಗೇಟಿನ ಮೋಟರಿನ ರಿಮೋಟ್ ಇಂಥವೂ ಎಷ್ಟೋ ಇದೇ 433 ರ ಆಸುಪಾಸಿನಲ್ಲೇ ಮಾತಾಡುತ್ತವೆ. ಅವುಗಳಲ್ಲಿ ಒಂದರ ಗುಂಡಿ ಒತ್ತಿಕೊಂಡೇ ಉಳಿದರೆ ಸುತ್ತಲಿನ ಗಾಡಿಗಳೆಲ್ಲ ಕಿವುಡಾಗುತ್ತವೆ. ಗಾಡಿಯನ್ನು ನೂರು ಮೀಟರ್ ಆಚೆ ಒಯ್ದು ಒತ್ತಿ ನೋಡಿದರೆ ವಿಷಯ ಬಗೆಹರಿಯುತ್ತದೆ.

ಮಕ್ಕಳು ಎರಡನೇ ಕೀಲಿ ಹಿಡಿದು ಆಡಿದ ಮೇಲೆ ಅದು ಕೆಲಸ ಬಿಟ್ಟಿತೇ? ಈ ರಿಮೋಟುಗಳು ಪ್ರತಿ ಸಲ ಬೇರೆ ಬೇರೆ ಸಂಕೇತ ಕಳಿಸುತ್ತವೆ, ಕದ್ದು ಕೇಳಿದವರು ಅದನ್ನೇ ಮತ್ತೆ ಬಳಸದಿರಲಿ ಎಂದು. ಗಾಡಿಗೆ ಕೇಳಿಸದಷ್ಟು ದೂರದಲ್ಲಿ ತುಂಬ ಸಲ ಒತ್ತಿದರೆ ರಿಮೋಟಿನ ಎಣಿಕೆ ಮುಂದೆ ಹೋಗಿ, ಗಾಡಿಯ ಎಣಿಕೆ ಹಿಂದೆ ಉಳಿಯುತ್ತದೆ. ಹೆಸರುವಾಸಿಯಾದ ಒಂದು ವ್ಯವಸ್ಥೆಯಲ್ಲಿ ಮುಂದಿನ 16 ಸಂಕೇತಗಳವರೆಗೆ ಗಾಡಿ ನೇರವಾಗಿ ಒಪ್ಪುತ್ತದೆ, ಅದನ್ನೂ ದಾಟಿದ್ದರೆ ಬೆನ್ನುಬೆನ್ನಿಗೆ ಎರಡು ಸಲ ಒತ್ತಿದಾಗ ಎಣಿಕೆ ಕೂಡಿಕೊಳ್ಳುತ್ತದೆ. ಆದ್ದರಿಂದ ಗಾಡಿಯ ಪಕ್ಕ ನಿಂತು ಎರಡು ಮೂರು ಸಲ ನಿಧಾನವಾಗಿ ಒತ್ತಿ. ಅದಕ್ಕೂ ಬಗ್ಗದಿದ್ದರೆ ಕಂಪನಿಯ ಕೈಪಿಡಿ ನೋಡಿ ಮತ್ತೆ ಜೋಡಿಸಬೇಕು.

ಜೇಬಿನಲ್ಲಿದ್ದರೆ ಸಾಕು ಎನ್ನುವ ಕೀಲಿಗಳು

ಕೀಲಿ ಹೊರತೆಗೆಯದೆ ಹಿಡಿಕೆಯ ಗುಂಡಿ ಒತ್ತಿ ಬಾಗಿಲು ತೆರೆಯುವ ಗಾಡಿಗಳಲ್ಲಿ ಸಂಭಾಷಣೆ ಎರಡು ಬಗೆಯದು. ಗಾಡಿ ಕೀಲಿಯನ್ನು ಸುಮಾರು 125 ಕಿಲೋಹರ್ಟ್ಸಿನ ಕಡಿಮೆ ಅಲೆಯಲ್ಲಿ ಕರೆಯುತ್ತದೆ, ಕೀಲಿ ಮೊದಲು ಹೇಳಿದ ಮೆಗಾಹರ್ಟ್ಸಿನ ಅಲೆಯಲ್ಲಿ ಉತ್ತರ ಕೊಡುತ್ತದೆ. ಈ ಕರೆ ಮುಟ್ಟುವುದು ಒಂದು ಮೀಟರ್ ಆಚೀಚೆ ಮಾತ್ರ. ಅದಕ್ಕೇ ಕೀಲಿಯ ಗುಂಡಿ ಒತ್ತಿದರೆ ಬಾಗಿಲು ತೆರೆದು, ಹಿಡಿಕೆಯ ಗುಂಡಿ ಒತ್ತಿದರೆ ತೆರೆಯದಿದ್ದರೆ ರಿಸೀವರನ್ನು ದೂರಬೇಡಿ. ಕೀಲಿಯನ್ನು ಫೋನಿನ ಜೊತೆ ಒಂದೇ ಜೇಬಿನಲ್ಲಿ ಇಟ್ಟಿದ್ದೀರಾ ನೋಡಿ. ಬೇರೆ ಇಟ್ಟರೂ ಆಗದಿದ್ದರೆ ಹಿಡಿಕೆಯ ಕಪ್ಪು ರಬ್ಬರ್ ಗುಂಡಿಯನ್ನು ಬೆರಳಿನಿಂದ ಒತ್ತಿ ನೋಡಿ. ರಬ್ಬರ್ ಬಿರುಕು ಬಿಟ್ಟು ನೀರು ಇಳಿದು ಒಳಗಿನ ಸ್ವಿಚ್ ಕೆಡುವುದು ಮಲೆನಾಡಿನಲ್ಲಿ ತೀರಾ ಸಾಮಾನ್ಯ. ಎಡ ಹಿಡಿಕೆ ಕೆಲಸ ಮಾಡಿ ಬಲದ್ದು ಮಾಡದಿದ್ದರೆ ತಪ್ಪು ಬಲ ಹಿಡಿಕೆಯಲ್ಲೇ.

ಈ ಬಗೆಯ ಕೀಲಿಯನ್ನು ಗಾಡಿಯ ಪಕ್ಕದ ಗೋಡೆಗೆ ನೇತುಹಾಕಬೇಡಿ. ಗಾಡಿ ಕರೆಯುತ್ತಲೇ ಇರುತ್ತದೆ, ಕೀಲಿ ಎಚ್ಚರವಾಗುತ್ತಲೇ ಇರುತ್ತದೆ, ಸೆಲ್ ಬೇಗ ಮುಗಿಯುತ್ತದೆ. ಮುಗಿದರೂ ಗಾಬರಿ ಬೇಡ. ಇಂಥ ಕೀಲಿಯೊಳಗೆ ಒಂದು ಕಬ್ಬಿಣದ ಕೀಲಿ ಅಡಗಿರುತ್ತದೆ. ಡ್ರೈವರ್ ಬಾಗಿಲಿನ ಹಿಡಿಕೆಯ ತುದಿಯಲ್ಲಿ, ಕೆಲವೊಮ್ಮೆ ಮುಚ್ಚಳದ ಕೆಳಗೆ, ಅದರ ತೂತು ಇರುತ್ತದೆ. ಒಳಗೆ ಹೋಗಿ ಕೀಲಿಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದರೆ, ಅಥವಾ ಕೈಪಿಡಿ ಹೇಳಿದ ಜಾಗದಲ್ಲಿಟ್ಟರೆ, ಸೆಲ್ ಇಲ್ಲದೆಯೂ ಎಂಜಿನ್ ಎದ್ದೇಳುತ್ತದೆ. ಕಳ್ಳತನ ತಡೆಯುವ ಚಿಪ್‌ಗೆ ಬೇಕಾದ ಶಕ್ತಿಯನ್ನು ಗಾಡಿಯೇ ಕೊಡುತ್ತದೆ. ಈ ತೂತಿಗೆ ವರ್ಷಕ್ಕೆರಡು ಸಲವಾದರೂ ಕೀಲಿ ಹಾಕಿ ತಿರುಗಿಸಿ. ಬಳಸದೆ ಬಿಟ್ಟ ತೂತು ಬೇಕಾದ ದಿನ ತಿರುಗುವುದಿಲ್ಲ.

ಅಮೆರಿಕದಲ್ಲಿ ಫೋರ್ಡ್ ಪಿಕಪ್ ಓಡಿಸುವ ಕನ್ನಡಿಗರಿಗೆ ಇನ್ನೊಂದು ದಾರಿ ಇದೆ. ಫೋರ್ಡ್ ಕಂಪನಿ 1980 ರಲ್ಲೇ ಕಾರುಗಳಿಗೆ ತಂದ ಬಾಗಿಲಿನ ಅಂಕಿಪಟ್ಟಿ ಈಗ ಅದರ ಎಷ್ಟೋ ಪಿಕಪ್‌ಗಳಲ್ಲಿ ಇದೆ. ಐದು ಅಂಕಿಯ ಸಂಕೇತ ಒತ್ತಿ ಬಾಗಿಲು ತೆರೆದು, ರಿಮೋಟಿನಿಂದ ತೆರೆಯದಿದ್ದರೆ ಬಾಗಿಲಿನ ಕಡೆ ಎಲ್ಲ ಸರಿ ಎಂದು ಅಲ್ಲೇ ತಿಳಿಯುತ್ತದೆ. ಏಳು ಸಲ ತಪ್ಪು ಸಂಕೇತ ಒತ್ತಿದರೆ ಪಟ್ಟಿ ಒಂದು ನಿಮಿಷ ಸ್ಥಗಿತವಾಗುತ್ತದೆ. ಅದನ್ನು ಕೆಟ್ಟಿದೆ ಎಂದುಕೊಳ್ಳಬೇಡಿ, ಕಾಯಿರಿ.

ಎಲ್ಲ ಬಾಗಿಲೂ ಒಟ್ಟಿಗೆ ಸತ್ತರೆ

ಮೊದಲು ಗಾಡಿಯ ಬ್ಯಾಟರಿ ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಆದರೆ ಅರ್ಧಕ್ಕಿಳಿದಿದೆ. ಅದಕ್ಕೂ ಕೆಳಗಿದ್ದರೆ ಮೋಟರುಗಳು ನರಳುತ್ತವೆ. ಆಮೇಲೆ ಫ್ಯೂಸ್. ಫ್ಯೂಸ್ ಪೆಟ್ಟಿಗೆಯ ಮುಚ್ಚಳದಲ್ಲಿ ಡೋರ್ ಲಾಕಿನ ಜಾಗ ಬರೆದಿರುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದು ಹಾಕಿ, ತಂತಿ ಸುತ್ತುವ ಕೆಲಸ ಖಂಡಿತ ಬೇಡ. ಮತ್ತೆ ಸುಟ್ಟರೆ ಎಲ್ಲೋ ವೈರು ಕಬ್ಬಿಣಕ್ಕೆ ತಾಗುತ್ತಿದೆ. ಯಾವ ಬಾಗಿಲು ತೆರೆದು ಮುಚ್ಚಿದಾಗ ಸುಡುತ್ತದೆ ಎಂದು ನೋಡಿದರೆ ಆ ಬಾಗಿಲೇ ಹೇಳುತ್ತದೆ. ಕಂಟ್ರೋಲ್ ಪೆಟ್ಟಿಗೆ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ, ಅದರ ಅರ್ತ್ ವೈರು ಬಿಗಿಯಾಗಿದೆಯೇ, ಕಾಲಡಿಯ ಮ್ಯಾಟಿನ ಕೆಳಗೆ ನೀರು ನಿಂತಿದೆಯೇ ಎಂದು ನೋಡಿಸಿದ ಮೇಲೆ ಒಪ್ಪಿ. ಅದು ದುಬಾರಿ ವಸ್ತು, ಕೆಡುವುದು ಕಡಿಮೆ.

ಒಂದೇ ಬಾಗಿಲು ಹಟ ಹಿಡಿದರೆ

ಹೆಚ್ಚು ದುಡ್ಡು ವ್ಯರ್ಥವಾಗುವುದು ಇಲ್ಲೇ. ಅದಕ್ಕೆ ಇದನ್ನು ವಿವರವಾಗಿ ಬರೆಯುತ್ತೇನೆ.

ನನ್ನ ಡಬಲ್ ಕ್ಯಾಬ್ ಪಿಕಪ್ಪಿನ ಡ್ರೈವರ್ ಬಾಗಿಲು ಒಂದು ಜೂನ್ ತಿಂಗಳಲ್ಲಿ ತನಗೆ ಮನಸ್ಸು ಬಂದಾಗ ಲಾಕ್ ಆಗುತ್ತಿತ್ತು, ಬಾರದಿದ್ದಾಗ ಇಲ್ಲ. ಗ್ಯಾರೇಜಿನಲ್ಲಿ ಡೋರ್ ಪ್ಯಾಡ್ (ಬಾಗಿಲ ಒಳಮುಚ್ಚಳ) ಬಿಚ್ಚಿ ಮೀಟರ್ ಹಿಡಿದರು. ಸ್ವಿಚ್ ಒತ್ತಿದಾಗ ಮೋಟರಿನ ತುದಿಗೆ ಹನ್ನೆರಡು ವೋಲ್ಟ್ ಬರುತ್ತಿತ್ತು. ಕರೆಂಟ್ ಬರುತ್ತಿದೆ, ಮೋಟರ್ ತಿರುಗುತ್ತಿಲ್ಲ, ಹಾಗಾದರೆ ಮೋಟರ್ ಹೋಗಿದೆ ಎಂದರು. ತರ್ಕ ನನಗೂ ಸರಿ ಕಂಡಿತು. ಹೊಸ ಮೋಟರ್ ಹಾಕಿಸಿದೆ. ಎರಡು ವಾರ ಚೆನ್ನಾಗಿತ್ತು, ಆಮೇಲೆ ಮತ್ತದೇ. ಕೊನೆಗೆ ನಮ್ಮೂರ ಹಳೇ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಹೋದೆ. ಅವರು ಮೀಟರ್ ಮುಟ್ಟಲೇ ಇಲ್ಲ. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರು ಬೆಸೆದು ಮೋಟರಿನ ಪ್ಲಗ್ಗಿಗೆ ಕೊಟ್ಟು, "ಈಗ ಒತ್ತಿ ಸಾರ್" ಎಂದರು. ಬಲ್ಬು ಕೆಂಪಗೆ ಕನಲಿತೇ ಹೊರತು ಉರಿಯಲಿಲ್ಲ. "ಮೀಟರು ವೋಲ್ಟ್ ತೋರಿಸುತ್ತೆ ಸಾರ್, ತಾಕತ್ತು ತೋರಿಸಲ್ಲ" ಎಂದವರೇ ಬಾಗಿಲು ಮತ್ತು ಅದು ಕೂತ ಗಾಡಿಯ ಕಂಬದ ನಡುವೆ ವೈರುಗಳನ್ನು ಮುಚ್ಚಿರುವ ರಬ್ಬರ್ ಬೂಟನ್ನು ಹಿಂದಕ್ಕೆ ಸರಿಸಿದರು. ಒಂದು ವೈರಿನಲ್ಲಿ ಎಳೆಗಳೆಲ್ಲ ತುಂಡಾಗಿ ಎರಡೋ ಮೂರೋ ಉಳಿದಿದ್ದವು.

ಮೀಟರ್ ತನ್ನ ಮೂಲಕ ಹೆಚ್ಚುಕಡಿಮೆ ಏನನ್ನೂ ಹರಿಯಗೊಡುವುದಿಲ್ಲ, ಹಾಗಾಗಿ ಮೋಟರಿನ ಪ್ಲಗ್ ಕಳಚಿ ಹಿಡಿದಾಗ ಒಂದು ಎಳೆ ಉಳಿದಿದ್ದರೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಮೋಟರಿಗೆ ಆಂಪಿಯರ್‌ಗಟ್ಟಲೆ ಬೇಕು, ಆ ಎಳೆಯಲ್ಲಿ ಅಷ್ಟು ಹರಿಯುವುದಿಲ್ಲ. 21 ವ್ಯಾಟ್ ಬಲ್ಬು ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ, ಆದ್ದರಿಂದ ವೈರಿನ ಬಲಹೀನತೆಯನ್ನು ಕಣ್ಣಿಗೆ ತೋರಿಸುತ್ತದೆ. ಇನ್ನೊಂದು ಅನುಕೂಲವೂ ಇದೆ. ಲಾಕ್ ಮೋಟರಿಗೆ ಕರೆಂಟ್ ಬರುವುದು ಒಂದು ಕ್ಷಣ ಮಾತ್ರ, ಮೀಟರಿನ ಅಂಕಿ ನಿಲ್ಲುವಷ್ಟರಲ್ಲಿ ಮುಗಿದಿರುತ್ತದೆ. ಬಲ್ಬಿನ ಮಿಂಚು ತಪ್ಪಿಹೋಗುವುದಿಲ್ಲ. ಲಾಕಿಗೂ ಅನ್‌ಲಾಕಿಗೂ ಅವೇ ಎರಡು ವೈರು, ಪ್ಲಸ್ಸು ಮೈನಸ್ಸು ಅದಲುಬದಲಾಗುತ್ತದೆ ಅಷ್ಟೆ. ಬಲ್ಬಿಗೆ ಎರಡೂ ಒಂದೇ, ಎರಡು ಸಲವೂ ಉರಿಯಬೇಕು.

ಆದರೆ ಬಲ್ಬನ್ನು ಮೋಟರಿನ ಎರಡು ದಪ್ಪ ವೈರುಗಳಿಗೆ ಮಾತ್ರ ಕೊಡಿ. ಅದೇ ಪ್ಲಗ್ಗಿನಲ್ಲಿರುವ ಸಣ್ಣ ವೈರುಗಳು ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ಕಂಟ್ರೋಲ್ ಪೆಟ್ಟಿಗೆಗೆ ಹೇಳುವಂಥವು. ಅಲ್ಲಿ ಬಲ್ಬು ಕೊಟ್ಟರೆ ಪೆಟ್ಟಿಗೆಯೇ ಹಾಳಾಗಬಹುದು. ಹಳದಿ ಪ್ಲಗ್, ಹಳದಿ ವೈರು ಕಂಡರೆ ಅದು ಏರ್‌ಬ್ಯಾಗಿನದು, ಕೈ ಹಾಕಬೇಡಿ.

ಬಲ್ಬು ಚೆನ್ನಾಗಿ ಉರಿದು ಮೋಟರ್ ಸುಮ್ಮನಿದ್ದರೆ ಮಾತ್ರ ಮೋಟರ್ ಕೆಟ್ಟಿದೆ. "ಟರ್ರ್" ಎಂದು ಹಗುರವಾಗಿ ತಿರುಗಿ ಲಾಕ್ ಎಳೆಯದಿದ್ದರೆ ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಸವೆದಿದೆ. ಸದ್ದೇ ಇಲ್ಲದಿದ್ದರೆ ಬ್ರಷ್ ಮುಗಿದಿರಬಹುದು. "ಟಕ್" ಎಂದು ಗಟ್ಟಿಯಾಗಿ ಹೊಡೆದರೂ ಗುಬುಟು ಅರ್ಧಕ್ಕೆ ನಿಂತರೆ ಮೋಟರ್ ಸರಿ ಇದೆ, ಲಾಕ್ ಬಿಗಿದಿದೆ.

ಬೂಟಿನ ವೈರು ಪರೀಕ್ಷಿಸಲು ಬಾಗಿಲು ತೆರೆದು, ಬೂಟನ್ನು ಹಿಸುಕಿ ಅಲುಗಿಸುತ್ತಾ ಇನ್ನೊಬ್ಬರಿಗೆ ಸ್ವಿಚ್ ಒತ್ತಲು ಹೇಳಿ. ಬಾಗಿಲು ತೆರೆದಿದ್ದರೆ ಕೆಲವು ಗಾಡಿ ಲಾಕ್ ಮಾಡಲು ಒಪ್ಪುವುದಿಲ್ಲ. ಆಗ ಬಾಗಿಲಂಚಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಳ್ಳಿ, ಬಾಗಿಲು ಮುಚ್ಚಿದೆ ಎಂದು ಗಾಡಿ ತಿಳಿಯುತ್ತದೆ. ಮುಗಿದ ಮೇಲೆ ಅನ್‌ಲಾಕ್ ಮಾಡಿ, ಹಿಡಿಕೆ ಎಳೆದು ಕೊಂಡಿ ಬಿಡಿಸಿಯೇ ಬಾಗಿಲು ಮುಚ್ಚಿ. ಮರೆತು ಬಡಿದರೆ ಕೊಂಡಿಯೂ ಕಂಬವೂ ಜಖಂ ಆಗುತ್ತವೆ.

ರಿಪೇರಿ ಮಾಡುವಾಗ ಬೆಸುಗೆಯನ್ನು ವೈರು ಬಾಗುವ ಜಾಗದಲ್ಲೇ ಹಾಕಿಸಬೇಡಿ. ಬೆಸುಗೆ ಹಾಕಿದ ವೈರು ಕಡ್ಡಿಯಂತಾಗಿ, ಬೆಸುಗೆ ಮುಗಿಯುವ ಅಂಚಿನಲ್ಲಿ ಮತ್ತೆ ಮುರಿಯುತ್ತದೆ. ಬಾಗಿಲೊಳಗೂ ಕಂಬದೊಳಗೂ ಸೇರುವಷ್ಟು ಉದ್ದದ, ಸಣ್ಣ ಎಳೆಗಳ ಮೆತ್ತನೆ ವೈರು ತಂದು, ಎರಡೂ ತುದಿಯ ಜೋಡಣೆ ಬೂಟಿನ ಆಚೆ ಬರುವಂತೆ ಮಾಡಿಸಿ. ಶಾಖಕ್ಕೆ ಕುಗ್ಗುವ ಕೊಳವೆ ಹೊದಿಸಿ. ಟೇಪು ಒಂದೇ ಮಳೆಗಾಲಕ್ಕೆ ಅಂಟು ಬಿಡುತ್ತದೆ. ಒಂದು ವೈರು ಮುರಿದಿದ್ದರೆ ಪಕ್ಕದವೂ ಅಷ್ಟೇ ಸಲ ಬಾಗಿವೆ, ಅವನ್ನೂ ಒಂದೊಂದಾಗಿ ನೋಡಿಸಿ.

ನೀರು, ಕೆಸರು, ಎಣ್ಣೆ

ಗಾಜಿನ ಅಂಚಿನಿಂದ ಬಾಗಿಲೊಳಗೆ ನೀರು ಇಳಿಯುವುದು ದೋಷವಲ್ಲ, ಕೆಳಗಿನ ತೂತುಗಳಿಂದ ಹೊರಗೆ ಹೋಗಲಿ ಎಂದೇ ಹಾಗೆ ಮಾಡಿರುತ್ತಾರೆ. ತೋಟದ ಕೆಸರು ಆ ತೂತುಗಳಿಗೆ ಮೆತ್ತಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಬಾಗಿಲು ಬಡಿದಾಗ ಕುಲುಕುವ ಸದ್ದು ಬಂದರೆ ತೆಂಗಿನ ಗರಿಯ ಕಡ್ಡಿಯಿಂದ ತೂತು ಬಿಡಿಸಿ. ಸ್ಪೀಕರ್ ಹಾಕಿಸುವಾಗ ಡೋರ್ ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದುಹಾಕಿರುತ್ತಾರೆ. ಅದನ್ನು ಮತ್ತೆ ಅಂಟಿಸದಿದ್ದರೆ ಒಳಗಿನ ನೀರು ಈಚೆ ಬಂದು ಪ್ಲಗ್ಗು, ಸ್ವಿಚ್ಚುಗಳಿಗೆ ಇಳಿಯುತ್ತದೆ.

ಬಿಗಿದ ಲಾಕಿಗೆ ಅಡುಗೆಮನೆಯ ಕೊಬ್ಬರಿ ಎಣ್ಣೆ ಬಿಡುವುದು ನಮ್ಮಲ್ಲಿ ರೂಢಿ. ದಯವಿಟ್ಟು ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಲೆನಾಡಿನ ಚಳಿಗಾಲದ ಬೆಳಿಗ್ಗೆ ಹೇಗಿರುತ್ತದೆ ಎಂದು ಹೇಳಬೇಕಿಲ್ಲ. ಬೆಳಿಗ್ಗೆ ಮಾತ್ರ ಹಟ ಹಿಡಿದು, ಬಿಸಿಲೇರಿದ ಮೇಲೆ ಸರಿಯಾಗುವ ಲಾಕ್ ಕಂಡರೆ ಮೊದಲು ಯಾವ ಎಣ್ಣೆ ಹಾಕಿದ್ದೀರಿ ಎಂದೇ ನಾನು ಕೇಳುತ್ತೇನೆ. ಕೊಂಡಿಯನ್ನು ಸ್ಪ್ರೇ ಹೊಡೆದು ತೊಳೆದು ಬಿಳಿ ಲಿಥಿಯಂ ಗ್ರೀಸ್ ಸವರಿ, ಕೀಲಿತೂತಿಗೆ ಗ್ರಾಫೈಟ್ ಪುಡಿ ಹಾಕಿ.

ತಾನಾಗಿ ಲಾಕ್, ತಾನಾಗಿ ಅನ್‌ಲಾಕ್

ಅನ್‌ಲಾಕ್ ಮಾಡಿ ಅರ್ಧ ನಿಮಿಷದ ಆಸುಪಾಸಿನಲ್ಲಿ ಯಾವ ಬಾಗಿಲೂ ತೆರೆಯದಿದ್ದರೆ ಗಾಡಿ ಮತ್ತೆ ಲಾಕ್ ಮಾಡಿಕೊಳ್ಳುವುದು ಅದರ ಗುಣ. ಬಾಗಿಲು ತೆರೆದ ಮೇಲೂ ಹಾಗೆ ಮಾಡಿದರೆ ಬಾಗಿಲು ತೆರೆದಿದ್ದು ಅದಕ್ಕೆ ಗೊತ್ತಾಗಿಲ್ಲ. ಬಾಗಿಲು ತೆರೆದಾಗ ಒಳಗಿನ ದೀಪ ಹತ್ತುತ್ತದೆಯೇ ನೋಡಿ. ಹತ್ತದಿದ್ದರೆ ಆ ಬಾಗಿಲ ಸ್ವಿಚ್ ಸತ್ತಿದೆ. ಇದರ ತಿರುವುಮುರುವಾಗಿ, ಮುಚ್ಚಿದ ಬಾಗಿಲನ್ನು ತೆರೆದಿದೆ ಎಂದುಕೊಂಡರೆ ಗಾಡಿ ಲಾಕ್ ಮಾಡಲು ಒಪ್ಪದು.

ಲಾಕ್ ಆದ ಮರುಕ್ಷಣವೇ ಅನ್‌ಲಾಕ್ ಆಗುವುದು ಹೊರಗೆ ಅಂಗಡಿಯಲ್ಲಿ ಹಾಕಿಸಿದ ಸೆಂಟ್ರಲ್ ಲಾಕಿನ ಸಾಮಾನ್ಯ ರೋಗ. ಡ್ರೈವರ್ ಬಾಗಿಲಿನದು ಐದು ವೈರಿನ ಮೋಟರ್, ಉಳಿದವು ಎರಡು ವೈರಿನವು. ಸಾಮಾನ್ಯವಾಗಿ ನೀಲಿ, ಹಸಿರು ಮೋಟರಿಗೆ. ಕಪ್ಪು, ಬಿಳಿ, ಕಂದು ಒಳಗಿನ ಸ್ವಿಚ್ಚಿಗೆ. ಮೋಟರನ್ನು ಗುಬುಟಿಗೆ ಜೋಡಿಸುವ ಸರಳಿನ ಸ್ಕ್ರೂ ಜಾರಿ ಗುಬುಟು ಪೂರ್ತಿ ಇಳಿಯದಿದ್ದರೆ ಆ ಸ್ವಿಚ್ ತುದಿ ಮುಟ್ಟುವುದಿಲ್ಲ, ಯಾರೋ ತೆರೆದರು ಎಂದು ತಿಳಿದು ಎಲ್ಲ ಬಾಗಿಲೂ ತೆರೆದುಕೊಳ್ಳುತ್ತವೆ. ಸ್ಕ್ರೂ ಸಡಿಲಿಸಿ, ಸರಳನ್ನು ಕೆಲವೇ ಮಿಲಿಮೀಟರ್ ಸರಿಸಿ ಬಿಗಿದರೆ ಸಾಕು.

ದೋಷವೆಂದು ತೋರುವ ಆದರೆ ದೋಷವಲ್ಲದ ಸಂಗತಿಗಳೂ ಇವೆ. ಹಿಂಬಾಗಿಲು ಒಳಗಿನಿಂದ ತೆರೆಯದೆ ಹೊರಗಿನಿಂದ ತೆರೆದರೆ ಬಾಗಿಲಂಚಿನ ಚೈಲ್ಡ್ ಲಾಕ್ ನೋಡಿ. ಮಾಲು ತುಂಬುವ ಹಿಂದಿನ ಟೇಲ್‌ಗೇಟ್ ಬಹಳಷ್ಟು ಪಿಕಪ್‌ಗಳಲ್ಲಿ ರಿಮೋಟಿಗೆ ಸೇರಿರುವುದೇ ಇಲ್ಲ, ಅದಕ್ಕೆ ಬೇರೆ ಕೀಲಿತೂತು. ಪಕ್ಕದಲ್ಲಿದ್ದವರ ಚೀಲದಲ್ಲಿ ಎರಡನೇ ಕೀಲಿ ಒಳಗೇ ಉಳಿದಿದ್ದರೆ ಜೇಬಿನ ಕೀಲಿಯ ಗಾಡಿ ಲಾಕ್ ಆಗದೆ ಕೂಗುತ್ತದೆ.

ಎಲ್ಲ ಸರಿಹೋದ ಮೇಲೆ ಡೋರ್ ಪ್ಯಾಡ್ ಕೂರಿಸುವ ಮುಂಚೆ ಹತ್ತು ಸಲ, ನಡುನಡುವೆ ಬಿಡುವು ಕೊಟ್ಟು, ಬಾಗಿಲು ಮುಚ್ಚಿ ತೆರೆದು ಲಾಕ್ ಮಾಡಿ ನೋಡಿ. ಗಾಜು ಇಳಿಸಿಯೇ ಇರಲಿ, ಎರಡನೇ ಕೀಲಿ ಹೊರಗೆ ನಿಂತವರ ಕೈಯಲ್ಲಿರಲಿ.